ಹೆಣ್ಣು ಬೆಕ್ಕೂ ಗೋಡೆಗೆ ಚಿಮ್ಮಿಸುತ್ತದೆ

ಯುಗಾದಿಗೆ ಇನ್ನೂ ಐದು ದಿನ ಇತ್ತು. ದಾವಣಗೆರೆಯ ಬಿಸಿಲು ಆಗಲೇ ಏರಿ, ವಿನೋಬನಗರದ ನಮ್ಮ ಮನೆಯ ಕಿಟಕಿಗಳು ರಾತ್ರಿಯಿಡೀ ತೆರೆದೇ ಇರುತ್ತಿದ್ದವು. ಬೆಳಿಗ್ಗೆ ಪಡಸಾಲೆ ಗುಡಿಸುವಾಗ ಕಿಟಕಿ ಪರದೆಯ ಕೆಳಭಾಗದಲ್ಲಿ ಅಂಗೈಯಗಲದ ಒದ್ದೆ ಕಂಡಿತು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಶುರುವಾಗಿ, ಸಣ್ಣ ಗೆರೆಯಾಗಿ ಕೆಳಗಿಳಿದಿತ್ತು. ಬಗ್ಗಿ ಮೂಸಿದೆ. ಬೆಕ್ಕಿನ ಉಚ್ಚೆ, ಅನುಮಾನವೇ ಇಲ್ಲ.

ಅತ್ತೆ ಮೂಗಿಗೆ ಸೆರಗು ಅಡ್ಡ ಹಿಡಿದು, "ಹೆಣ್ಣು ಬೆಕ್ಕು ಹಿಂಗ್ ಮಾಡಲ್ಲವ್ವ. ಯಾವುದೋ ಗಂಡು ಒಳಗ ಬಂದು ಹೋಗೇತಿ" ಅಂದರು. ಕಿಟಕಿಗೆ ಸೊಳ್ಳೆ ಜಾಲರಿ ಬಡಿದಿದೆ, ರಾತ್ರಿ ಬಾಗಿಲುಗಳು ಮುಚ್ಚಿರುತ್ತವೆ. ಹೊರಗಿನ ಬೆಕ್ಕು ಬರುವ ದಾರಿಯೇ ಇಲ್ಲ. ಮನೆಯೊಳಗೆ ಮಲಗುವ ಬೆಕ್ಕು ಅಂದರೆ ರಂಗಿ ಒಬ್ಬಳೇ. ನಾಲ್ಕು ವರ್ಷದವಳು, ಏಳು ತಿಂಗಳಿದ್ದಾಗಲೇ ಸಂತಾನಹರಣ ಆಪರೇಷನ್ ಆದವಳು, ಅಲ್ಲಿಯವರೆಗೆ ಒಂದು ದಿನವೂ ಮರಳಿನ ಬಾಂಡ್ಲಿ ಬಿಟ್ಟು ಬೇರೆ ಕಡೆ ಹೋದವಳಲ್ಲ.

ಎರಡು ದಿನ ಬಿಟ್ಟು ಕಣ್ಣಾರೆ ಕಂಡೆ. ರಂಗಿ ಪರದೆಯ ಹತ್ತಿರ ಹೋದಳು, ಮೂಸಿದಳು, ತಿರುಗಿ ಬೆನ್ನು ಮಾಡಿ ನಿಂತಳು. ಕೂರಲಿಲ್ಲ, ನಿಂತೇ ಇದ್ದಳು. ಬಾಲ ನೆಟ್ಟಗೆ ಮೇಲೆದ್ದು ಅದರ ತುದಿ ಗಡಗಡ ನಡುಗಿತು. ಹಿಂಗಾಲುಗಳು ಹಿಟ್ಟು ನಾದುವ ಹಾಗೆ ಇದ್ದಲ್ಲೇ ಒತ್ತಿದವು. ಹಿಂದಕ್ಕೆ ಒಂದು ಸಣ್ಣ ಸಿಂಪಡಿಕೆ, ಎರಡೇ ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಅಡುಗೆಮನೆಯ ಕಡೆ ನಡೆದಳು. ಮಣ್ಣು ಕೆದರಿ ಮುಚ್ಚುವ ಗೋಜಿಗೂ ಹೋಗಲಿಲ್ಲ.

ಇದನ್ನು ಹೇಳಿದಾಗ ಪಕ್ಕದ ಮನೆಯವರು, "ಹಂಗಾದ್ರ ಅದು ಗಂಡೇ ಇರಬೇಕು, ಸರಿಯಾಗಿ ನೋಡೀರೇನು?" ಅಂತ ಕೇಳಿದರು. ನೋಡುವ ಅಗತ್ಯವೇ ಇರಲಿಲ್ಲ. ರಂಗಿಯ ಮೈಮೇಲೆ ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣ ಇವೆ, ಹೆಸರು ಬಂದದ್ದೂ ಅದರಿಂದಲೇ. ಬೆಕ್ಕಿಗೆ ಕೆಂಪು ಬಣ್ಣ ಕೊಡುವ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಒಂದೇ ಮೈಯಲ್ಲಿ ಕೆಂಪೂ ಕಪ್ಪೂ ತೇಪೆ ತೇಪೆಯಾಗಿ ಕಾಣಬೇಕಾದರೆ ಎರಡು ಎಕ್ಸ್ ಬೇಕು, ಅಂದರೆ ಹೆಣ್ಣಾಗಿರಬೇಕು. ವರ್ಣತಂತು ಒಂದು ಹೆಚ್ಚಾಗಿ ಹುಟ್ಟಿದ ಅಪರೂಪದ ಗಂಡುಗಳನ್ನು ಬಿಟ್ಟರೆ ಮೂರು ಬಣ್ಣದ ಬೆಕ್ಕುಗಳೆಲ್ಲ ಹೆಣ್ಣೇ.

ಹೆಣ್ಣು ಬೆಕ್ಕು ಚಿಮ್ಮಿಸುವುದಿಲ್ಲ ಎನ್ನುವ ಮಾತು ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆ ಎಂದರೆ, ಚಿಮ್ಮಿಸುವುದನ್ನು ಕಂಡವರು ಕೂಡ ಅದನ್ನು ಬೇರೆ ಏನೋ ಅಂದುಕೊಳ್ಳುತ್ತಾರೆ. ಹೊಲಸು ಬುದ್ಧಿ ಅನ್ನುತ್ತಾರೆ, ಸೇಡು ಅನ್ನುತ್ತಾರೆ, ಊರಾಚೆ ಬಿಟ್ಟು ಬರುತ್ತಾರೆ. ಇದನ್ನು ಬರೆಯಲು ಕೂತದ್ದಕ್ಕೆ ಆ ಕೊನೆಯ ಮಾತೇ ಕಾರಣ. ಕಾರಣ ತಿಳಿದಿದ್ದರೆ ಮನೆಯಲ್ಲೇ ಉಳಿಯುತ್ತಿದ್ದ ಎಷ್ಟೋ ಬೆಕ್ಕುಗಳು ಚೀಲದಲ್ಲಿ ಕೂತು ಬೈಪಾಸ್ ರಸ್ತೆಯ ಆಚೆ ಹೋಗಿವೆ.

ಮೊದಲು ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಹೊಟ್ಟೆಯ ಭಾರ ಇಳಿಸಲು ಹೋಗುವ ಬೆಕ್ಕು ಕುಕ್ಕರಗಾಲಲ್ಲಿ ಕೂರುತ್ತದೆ, ಸಮತಟ್ಟು ಜಾಗ ಹುಡುಕುತ್ತದೆ, ಮೂತ್ರಕೋಶ ಖಾಲಿಯಾಗುವವರೆಗೆ ಹೊಯ್ಯುತ್ತದೆ, ಆಮೇಲೆ ಮಣ್ಣು ಎಳೆದು ಮುಚ್ಚುತ್ತದೆ. ಗುರುತು ಹಾಕುವ ಬೆಕ್ಕು ನಿಲ್ಲುತ್ತದೆ, ನೆಟ್ಟಗೆ ನಿಂತ ವಸ್ತುವನ್ನು ಆರಿಸುತ್ತದೆ, ಸ್ವಲ್ಪವೇ ಬಿಡುತ್ತದೆ, ಮುಚ್ಚುವುದಿಲ್ಲ. ಮುಚ್ಚಿಟ್ಟರೆ ಗುರುತು ಹಾಕಿ ಏನು ಪ್ರಯೋಜನ? ಅದು ಇನ್ನೊಬ್ಬರ ಮೂಗಿಗೆ ಬೀಳಬೇಕು. ಅದಕ್ಕೇ ಅದನ್ನು ಮೂಗಿನ ಎತ್ತರಕ್ಕೆ ಹಾಕುವುದು. ಗುರುತು ಹಾಕುವ ಬೆಕ್ಕು ಉಳಿದ ಹೊತ್ತಿನಲ್ಲಿ ತನ್ನ ಮರಳಿನ ತಟ್ಟೆಯನ್ನು ಶಿಸ್ತಾಗಿ ಬಳಸುತ್ತಲೇ ಇರುತ್ತದೆ. ರಂಗಿಯೂ ಹಾಗೆಯೇ ಇದ್ದಳು. ಕೆಲವೊಮ್ಮೆ ಹಾಸಿಗೆ, ಬಟ್ಟೆಯಂಥ ಸಮತಟ್ಟು ಜಾಗದಲ್ಲೂ ಗುರುತು ಹಾಕುವುದುಂಟು. ಆಗ ಪತ್ತೆ ಹಚ್ಚುವುದು ಸ್ವಲ್ಪ ಕಷ್ಟ.

ಹಾಗಾದರೆ ಆ ಎರಡು ಚಮಚದಷ್ಟೂ ಇಲ್ಲದ ಉಚ್ಚೆಯಲ್ಲಿ ಏನಿದೆ? ಬೆಕ್ಕಿನ ಪೂರ್ವಿಕರು ಮರುಭೂಮಿಯ ಅಂಚಿನ ಕಾಡುಬೆಕ್ಕುಗಳು. ನೀರು ಕಡಿಮೆ ಇರುವ ಕಡೆ ಬದುಕಿದವು, ಹಾಗಾಗಿ ಬೆಕ್ಕಿನ ಮೂತ್ರಪಿಂಡ ನೀರನ್ನು ಹಿಂಡಿ ಉಳಿಸಿಕೊಂಡು ಬಹಳ ಗಟ್ಟಿ ಮೂತ್ರವನ್ನು ಹೊರಹಾಕುತ್ತದೆ. ಅದರಲ್ಲಿ ಬೆಕ್ಕಿನ ಕುಲಕ್ಕೇ ವಿಶೇಷವಾದ ಫೆಲಿನೈನ್ ಎಂಬ ಅಮೈನೊ ಆಮ್ಲ ಇರುತ್ತದೆ. ಮಾಂಸದಿಂದ ಬರುವ ಗಂಧಕದ ಅಂಶ ಸೇರಿ ಅದು ತಯಾರಾಗುತ್ತದೆ. ಫೆಲಿನೈನ್‌ಗೆ ತನ್ನದೇ ವಾಸನೆ ಹೆಚ್ಚಿಲ್ಲ. ಹೊರಬಿದ್ದ ಮೇಲೆ ಒಡೆಯುತ್ತಾ ಒಡೆಯುತ್ತಾ ಗಂಧಕದ ಘಾಟನ್ನು ಬಿಡುತ್ತದೆ. ಬೆಳ್ಳುಳ್ಳಿ, ಈರುಳ್ಳಿಯ ಘಾಟಿನಲ್ಲಿ ಇರುವುದೂ ಗಂಧಕದ ಸಂಯುಕ್ತಗಳೇ. ಬೆಳಿಗ್ಗೆ ಒರೆಸಿ ಕೈತೊಳೆದುಕೊಂಡು, ಸಂಜೆಯ ಹೊತ್ತಿಗೆ ವಾಸನೆ ಇನ್ನೂ ಜೋರಾಗಿದೆ ಅನ್ನಿಸುವುದು ಇದಕ್ಕೇ. ಬೆಕ್ಕಿನ ಮೂತ್ರದಲ್ಲಿ ಹೇರಳವಾಗಿರುವ ಕಾಕ್ಸಿನ್ ಎಂಬ ಪ್ರೋಟೀನು ಈ ಫೆಲಿನೈನ್ ತಯಾರಿಕೆಯನ್ನು ನಡೆಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು.

ಆಪರೇಷನ್ ಆಗದ ಗಂಡು ಬೆಕ್ಕಿನಲ್ಲಿ ಫೆಲಿನೈನ್ ಹೆಣ್ಣಿಗಿಂತ ಕೆಲವು ಪಟ್ಟು ಹೆಚ್ಚು. ಅದು ಜಗುಲಿ ಕಂಬಕ್ಕೆ ಒಮ್ಮೆ ಚಿಮ್ಮಿಸಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಹೆಣ್ಣಿನದು ತೆಳು. ಹಿತ್ತಿಲಲ್ಲೋ ಕಾಂಪೌಂಡ್ ಗೋಡೆಗೋ ಹಾಕಿದರೆ ನಮ್ಮ ಮೂಗಿಗೆ ಬೀಳುವುದೇ ಇಲ್ಲ. ಹೆಣ್ಣು ಬೆಕ್ಕು ಇಂಥ ಕೆಲಸ ಮಾಡುವುದಿಲ್ಲ ಎಂಬ ನಂಬಿಕೆಗೆ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ: ಅವು ಹಾಕುವುದು ಗಂಡಿಗಿಂತ ಅಪರೂಪ, ಹಾಕಿದರೂ ನಮಗೆ ತಿಳಿಯುವುದು ಇನ್ನೂ ಅಪರೂಪ.

ಬೆಕ್ಕಿನ ಮೂಗಿಗೆ ಮಾತ್ರ ಎಲ್ಲವೂ ತಿಳಿಯುತ್ತದೆ. ದನ ಕಟ್ಟಿದ ಮನೆಯವರು ನೋಡಿರುತ್ತೀರಿ, ಹೋರಿ ಹಸುವಿನ ಗಂಜಲ ಮೂಸಿ ಕತ್ತೆತ್ತಿ ಮೇಲ್ದುಟಿಯನ್ನು ಸುರುಳಿಯಾಗಿ ಎತ್ತಿ ನಿಲ್ಲುತ್ತದೆ. ಬೆಕ್ಕೂ ಅದನ್ನೇ ಚಿಕ್ಕದಾಗಿ ಮಾಡುತ್ತದೆ. ಮೂಸಿ, ಬಾಯಿ ಅರ್ಧ ತೆರೆದು, ಕಣ್ಣು ಕಿರಿದು ಮಾಡಿ, ಯಾವುದೋ ಯೋಚನೆಯಲ್ಲಿ ಬಿದ್ದಂತೆ ಒಂದೆರಡು ಕ್ಷಣ ಹಾಗೇ ಇರುತ್ತದೆ. ಮೇಲಿನ ಮುಂಬಲ್ಲುಗಳ ಹಿಂದೆ ಅಂಗುಳದಲ್ಲಿ ಎರಡು ಸಣ್ಣ ರಂಧ್ರಗಳಿವೆ, ಅವು ಜೇಕಬ್ಸನ್ ಅಂಗ ಎಂಬ ಇನ್ನೊಂದು ಮೂಗಿಗೆ ದಾರಿ. ಮೂತ್ರದಲ್ಲಿರುವ ಸಂಗತಿಗಳನ್ನು ಬೆಕ್ಕು ಅಲ್ಲಿ ಓದುತ್ತದೆ. ಹಾಕಿದ್ದು ಯಾರು, ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ, ಹಾಕಿ ಎಷ್ಟು ಹೊತ್ತಾಯಿತು, ಎಲ್ಲವೂ ಅದರಲ್ಲಿದೆ.

ಈ ಗುರುತನ್ನು ಹೊಲದ ಬದುವಿಗೋ ಬೇಲಿಗೋ ಹೋಲಿಸುವುದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಬೇಲಿ ಕಂಡರೆ ದನ ನಿಲ್ಲುತ್ತದೆ, ಆದರೆ ಬೇರೆ ಬೆಕ್ಕಿನ ಗುರುತು ಮೂಸಿದ ಬೆಕ್ಕು ಓಡಿಹೋಗುವುದಿಲ್ಲ, ಚೆನ್ನಾಗಿ ಮೂಸಿ ಮುಂದೆ ಹೋಗುತ್ತದೆ. ನನಗೆ ಅದು ಮನೆಗೆ ಬಂದವರು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದ ಚೀಟಿಯಂತೆ ಕಾಣುತ್ತದೆ. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಜಗಳದಲ್ಲಿ ಕಾಲಿಗೆ ಗಾಯವಾದರೆ ಅದಕ್ಕೆ ತಂದು ಹಾಕುವವರು ಯಾರೂ ಇಲ್ಲ, ಹಸಿದೇ ಸಾಯಬೇಕು. ಹಾಗಾಗಿ ಎದುರುಬದುರಾಗದೆ ವ್ಯವಹಾರ ಮುಗಿಸುವ ದಾರಿ ಬೇಕು. ಇದೇ ಗೋಡೆಯ ಮೇಲೆ ಬೆಳಗಿನ ಜಾವ ಒಂದು ಬೆಕ್ಕು, ರಾತ್ರಿ ಇನ್ನೊಂದು ಬೆಕ್ಕು ಓಡಾಡುತ್ತವೆ, ಹಸಿ ವಾಸನೆ ಇದ್ದರೆ ಸ್ವಲ್ಪ ತಡೆದು ಹೋಗುತ್ತವೆ.

ಮನುಷ್ಯರ ಜೊತೆ ಬೆಕ್ಕಿನ ಸಂಬಂಧ ಶುರುವಾದದ್ದು ಧಾನ್ಯದ ಕಣಜಗಳಿಂದ. ಧಾನ್ಯಕ್ಕೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ನಮ್ಮ ಮಂಡಿಪೇಟೆಯ ಗೋದಾಮುಗಳ ಹಿಂದೆ, ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಹೋಗಿ ನೋಡಿದರೆ ಆ ಕಥೆ ಇವತ್ತಿಗೂ ನಡೆಯುತ್ತಿದೆ. ಊಟ ಹೇರಳವಾಗಿರುವ ಇಂಥ ಕಡೆ ಹೆಣ್ಣು ಬೆಕ್ಕುಗಳು ತಾಯಿ, ಮಗಳು, ಅಕ್ಕತಂಗಿಯರಾಗಿ ಒಟ್ಟಿಗೆ ಇರುತ್ತವೆ, ಒಂದರ ಮರಿಗೆ ಇನ್ನೊಂದು ಹಾಲೂಡಿಸುತ್ತದೆ. ಗಂಡುಗಳು ಇಂಥ ಹಲವು ಗುಂಪುಗಳ ಜಾಗವನ್ನು ಸುತ್ತಿ ಬರುತ್ತವೆ. ಹೆಣ್ಣಿಗೆ ತನ್ನ ಜಾಗ ಅಂದರೆ ಮರಿ ಸಾಕುವ ಜಾಗ, ಊಟದ ಜಾಗ. ಅದು ಚಿಕ್ಕದು, ಆದರೆ ಅದರ ಮೇಲೆ ಅದಕ್ಕಿರುವ ಕಾಳಜಿ ಗಂಡಿಗಿಂತ ಕಡಿಮೆಯದೇನಲ್ಲ. ಮನೆಯೊಳಗೆ ಬೆಳೆದ ಬೆಕ್ಕಿಗೆ ಆ ಜಾಗವೇ ನಮ್ಮ ಪಡಸಾಲೆ, ಅಡುಗೆಮನೆ, ಹಿತ್ತಿಲು.

ಉಚ್ಚೆ ಒಂದೇ ಅದರ ಸಹಿ ಅಲ್ಲ. ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಾದದ ಬೆರಳ ಸಂದಿ ಎಲ್ಲ ಕಡೆಯೂ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಕೆನ್ನೆ ತಿಕ್ಕುವುದು, ಗೋಣಿಚೀಲ ಪರಚುವುದು ಇವೂ ಗುರುತುಗಳೇ. ಆದರೆ ಮನಸ್ಸಿನ ಸ್ಥಿತಿ ಬೇರೆ. ಕೆನ್ನೆ ತಿಕ್ಕುವುದು ನಿಶ್ಚಿಂತೆಯ ಗುರುತು. ಮನೆಯೊಳಗೆ ಉಚ್ಚೆ ಚಿಮ್ಮಿಸುವುದು ಹೆಚ್ಚಾಗಿ ಕಳವಳದ ಗುರುತು: ಇಲ್ಲಿ ಏನೋ ಬದಲಾಗಿದೆ, ನನ್ನ ವಾಸನೆ ಇಲ್ಲಿ ಇನ್ನಷ್ಟು ಇರಬೇಕು ಅನ್ನುವುದು. ಕೆನ್ನೆ ತಿಕ್ಕುವ ಜಾಗಕ್ಕೆ ಬೆಕ್ಕು ಸಾಮಾನ್ಯವಾಗಿ ಚಿಮ್ಮಿಸುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಆಪರೇಷನ್ ಆಗದ ಹೆಣ್ಣಿನ ವಿಷಯ ಸುಲಭ, ಕಾರಣ ಬಹುಪಾಲು ಬೆದೆ. ನಾಲ್ಕಾರು ತಿಂಗಳು ತುಂಬುತ್ತಿದ್ದಂತೆ ಅದು ಬೆದೆಗೆ ಬರಬಹುದು. ನೆಲದ ಮೇಲೆ ಹೊರಳಾಡುತ್ತದೆ, ರಾತ್ರಿಯೆಲ್ಲ ಮಗು ಅತ್ತಂತೆ ಕೂಗುತ್ತದೆ, ಕಾಲು ಸುಟ್ಟ ಬೆಕ್ಕು ಅಂತೀವಲ್ಲ, ಹಾಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತದೆ. ಜೊತೆಗೆ ಅಲ್ಲಲ್ಲಿ ಚಿಮ್ಮಿಸುತ್ತದೆ. ಆ ಮೂತ್ರದಲ್ಲಿ ಸುತ್ತಲ ಗಂಡುಗಳಿಗೆ ಸುದ್ದಿ ಇರುತ್ತದೆ. ಗಂಡಿನ ಜೊತೆ ಕೂಡಿದ ಮೇಲೇ ಬೆಕ್ಕಿನ ಅಂಡ ಸಾಮಾನ್ಯವಾಗಿ ಬಿಡುಗಡೆಯಾಗುವುದು, ಹಾಗಾಗಿ ಕೂಡದೇ ಉಳಿದರೆ ಎರಡು ಮೂರು ವಾರಕ್ಕೆ ಮತ್ತೆ ಬೆದೆ. ಬೆದೆಯ ಕಾಲವನ್ನು ನಿರ್ಧರಿಸುವುದು ಹಗಲಿನ ಉದ್ದ. ಹಗಲು ತೀರ ಚಿಕ್ಕದಾಗುವ ಯುರೋಪಿನ ಚಳಿಗಾಲದಲ್ಲಿ ಬೆಕ್ಕುಗಳಿಗೆ ಒಂದಷ್ಟು ತಿಂಗಳು ಬಿಡುವು ಸಿಗುತ್ತದೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರಿನ ಹಗಲೂ 11 ಗಂಟೆಗಿಂತ ಕಡಿಮೆಯಾಗುವುದಿಲ್ಲ, ಜೂನಿನದು 13ರ ಹತ್ತಿರ. ನಮ್ಮ ಬೆಕ್ಕುಗಳಿಗೆ ಅಂಥ ಉದ್ದದ ಬಿಡುವಿಲ್ಲ. ಗರ್ಭ 63ರಿಂದ 65 ದಿನ. ವರ್ಷಕ್ಕೆ ಎರಡು ಮೂರು ಸೂಲು ಇಲ್ಲಿ ಸಾಮಾನ್ಯ.

ಇದಕ್ಕೆ ಪರಿಹಾರ ಆಪರೇಷನ್. ಬೆದೆ ನಿಲ್ಲಿಸಲು ಹಾರ್ಮೋನಿನ ಇಂಜೆಕ್ಷನ್ ಕೊಡಿಸುವ ರೂಢಿ ಅಲ್ಲಲ್ಲಿ ಇದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅಂಥ ಔಷಧಿಗಳಿಂದ ಗರ್ಭಕೋಶದಲ್ಲಿ ಕೀವು ತುಂಬುವುದು, ಕೆಚ್ಚಲ ಗೆಡ್ಡೆ, ಸಕ್ಕರೆ ಕಾಯಿಲೆಯ ಅಪಾಯ ಇದೆ. ಮರಿಯಿದ್ದಾಗಲೇ ಅಂಡಾಶಯ ತೆಗೆಸಿದ ಹೆಣ್ಣಿಗೆ ಕೆಚ್ಚಲ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ ಎಂಬುದೂ ಗೊತ್ತಿರುವ ವಿಷಯ.

ಕಷ್ಟದ ಪ್ರಶ್ನೆ ರಂಗಿಯದು. ಆಪರೇಷನ್ ಆಗಿದೆ, ಬೆದೆ ಇಲ್ಲ, ಆದರೂ ಯಾಕೆ?

ಆಪರೇಷನ್ ಆದ ಹೆಣ್ಣು ಬೆಕ್ಕುಗಳಲ್ಲಿ 100ಕ್ಕೆ ಸುಮಾರು 5, ಗಂಡುಗಳಲ್ಲಿ 100ಕ್ಕೆ ಸುಮಾರು 10 ಚಿಮ್ಮಿಸುತ್ತವೆ ಎಂಬ ಲೆಕ್ಕ ಪಶುವೈದ್ಯರಲ್ಲಿ ಹಳೆಯದು. ಆಪರೇಷನ್ ಬೆದೆಯನ್ನು ನಿಲ್ಲಿಸುತ್ತದೆ, ಜಾಗದ ಮೇಲಿನ ಕಾಳಜಿಯನ್ನು ತೆಗೆದುಹಾಕುವುದಿಲ್ಲ. ಒಂದು ಸಾಧ್ಯತೆಯನ್ನು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಅಂಡಾಶಯದ ಚೂರೊಂದು ಒಳಗೆ ಉಳಿದಿದ್ದರೆ ಅದು ಮತ್ತೆ ಕೆಲಸ ಶುರುಮಾಡಿ ಬೆದೆಯ ಲಕ್ಷಣಗಳೆಲ್ಲ ಬರುತ್ತವೆ. ಹೊರಳಾಟ, ಕೂಗು ಜೊತೆಗಿದ್ದರೆ ವೈದ್ಯರು ರಕ್ತದಲ್ಲಿ ಹಾರ್ಮೋನು ಪರೀಕ್ಷೆ ಮಾಡಿಸಲು ಹೇಳುತ್ತಾರೆ. ರಂಗಿಗೆ ಅದ್ಯಾವುದೂ ಇರಲಿಲ್ಲ.

ಇನ್ನೊಂದು ಕಾಯಿಲೆ. ಮೂತ್ರಕೋಶದ ಉರಿಯೂತ, ಕಲ್ಲು, ಮೂತ್ರಪಿಂಡದ ತೊಂದರೆ ಇದ್ದಾಗ ಬೆಕ್ಕು ಸಿಕ್ಕಲ್ಲಿ ಹೊಯ್ಯುತ್ತದೆ. ಮತ್ತೆ ಮತ್ತೆ ಕೂರುವುದು, ತೊಟ್ಟು ತೊಟ್ಟಾಗಿ ಬರುವುದು, ಮುಕ್ಕಿರಿದು ಕೂಗುವುದು, ರಕ್ತದ ಕೆಂಪು, ಆ ಜಾಗವನ್ನೇ ನೆಕ್ಕುತ್ತಿರುವುದು ಕಂಡರೆ ಗುರುತು ಗಿರುತು ಅಂತ ಯೋಚಿಸುತ್ತ ಕೂರದೆ ಪಶುವೈದ್ಯರ ಹತ್ತಿರ ಹೋಗಬೇಕು. ಗಂಡು ಬೆಕ್ಕಿನ ಮೂತ್ರನಾಳ ಸಪೂರ, ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೆ ಬರುತ್ತದೆ. ಹೆಣ್ಣಿನಲ್ಲಿ ನಾಳ ಅಗಲ, ಕಟ್ಟುವುದು ಅಪರೂಪ, ನೋವು ಮಾತ್ರ ಅಷ್ಟೇ. ರಂಗಿಯನ್ನೂ ತೋರಿಸಿಕೊಂಡು ಬಂದೆವು. ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಆಗ ನೆರವಿಗೆ ಬಂದದ್ದು ಒಂದು ದೀಪ. ನಮ್ಮ ಮನೆಯವರಿಗೆ ಮಂಡಿಪೇಟೆಯಲ್ಲಿ ಕಾಳಿನ ಅಂಗಡಿ ಇದೆ. ಗಲ್ಲಾಪೆಟ್ಟಿಗೆಯ ಪಕ್ಕ ಖೋಟಾನೋಟು ನೋಡುವ ನೇರಳಾತೀತ ಬೆಳಕಿನ ಸಣ್ಣ ದೀಪ ಇಟ್ಟಿರುತ್ತಾರೆ. ಒಂದು ರಾತ್ರಿ ಅದನ್ನು ಮನೆಗೆ ತರಿಸಿದೆ. ಲೈಟೆಲ್ಲ ಆರಿಸಿ ಗೋಡೆಯುದ್ದಕ್ಕೂ ಹಿಡಿದು ಹೋದರೆ, ಒಣಗಿದ ಬೆಕ್ಕಿನ ಉಚ್ಚೆ ತೆಳು ಹಳದಿ ಹಸಿರಾಗಿ ಮಿನುಗುತ್ತದೆ. ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆಗಳೂ ಹೊಳೆಯುತ್ತವೆ, ಆದರೆ ಅವು ನೀಲಿ ಬಿಳಿ. ಎರಡನ್ನೂ ಒಮ್ಮೆ ನೋಡಿದರೆ ಆಮೇಲೆ ಗೊಂದಲವಾಗುವುದಿಲ್ಲ. ಅತ್ತೆ ಹಿಂದೆಯೇ ಬಂದರು, "ಅಲ್ನೋಡು, ಇಲ್ಲೂ ಐತಿ" ಅಂತ ತೋರಿಸಿದವರು ಅವರೇ.

ಕಂಡ ಜಾಗಗಳನ್ನು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು ಗುರುತಿಸಿದೆ. ಪರದೆಯ ಮೇಲೆ ಮೂರು. ಹಿತ್ತಿಲ ಬಾಗಿಲಿನ ಒಳಮೈಯಲ್ಲಿ ಒಂದು. ಉಗ್ರಾಣದ ಮೂಲೆಯಲ್ಲಿ ಒರಗಿಸಿಟ್ಟ ಮಂಡಕ್ಕಿ ಚೀಲದ ಮೇಲೆ ಎರಡು. ಮಲಗುವ ಕೋಣೆ, ದೇವರ ಕೋಣೆ, ಅಡುಗೆಮನೆ ಪೂರ್ತಿ ಶುದ್ಧ. ಸೇಡಿಗೆ ಹಾಕುವುದಾಗಿದ್ದರೆ ನಮ್ಮ ಹಾಸಿಗೆ ಇತ್ತಲ್ಲ? ಜಾಗಗಳೇ ಉತ್ತರ ಹೇಳುತ್ತಿದ್ದವು. ಕಿಟಕಿ, ಬಾಗಿಲುಗಳ ಹತ್ತಿರ ಇದ್ದರೆ ಹೊರಗೆ ಯಾವುದೋ ಬೆಕ್ಕಿನ ತೊಂದರೆ. ಒಳಗಿನ ಓಣಿಯಲ್ಲಿ, ಮೆಟ್ಟಿಲ ಬಳಿ, ಊಟದ ತಟ್ಟೆಯ ದಾರಿಯಲ್ಲಿ ಇದ್ದರೆ ಮನೆಯಲ್ಲೇ ಇರುವ ಇನ್ನೊಂದು ಬೆಕ್ಕಿನ ಜೊತೆ ಮನಸ್ತಾಪ. ಹೊಸ ಸಾಮಾನು, ಬ್ಯಾಗು, ಚಪ್ಪಲಿಯ ಮೇಲೆ ಇದ್ದರೆ ಅದು ಹೊತ್ತು ತಂದ ಹೊಸ ವಾಸನೆ. ಒಂದು ಮನೆಯಲ್ಲಿ ಬೆಕ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೂ ಒಂದು ಚಿಮ್ಮಿಸುವ ಸಾಧ್ಯತೆ ಹೆಚ್ಚು.

ಆ ರಾತ್ರಿ ಪಡಸಾಲೆಯಲ್ಲೇ ಮಲಗಿದೆ. ಎರಡು ಗಂಟೆಯ ಹೊತ್ತಿಗೆ ಕಿಟಕಿಯಾಚೆ ಕಟ್ಟೆಯ ಮೇಲೆ ಒಂದು ಬೂದು ಗಂಡು ಬಂದು ಕೂತಿತು. ಗುಂಡು ತಲೆ, ಊದಿದಂಥ ಕೆನ್ನೆ, ಹರಿದ ಕಿವಿ. ಬೀಜ ಇರುವ ಗಂಡಿಗೆ ವಯಸ್ಸಾದಂತೆ ಕೆನ್ನೆ ಹಾಗೆ ದಪ್ಪವಾಗುತ್ತದೆ. ರಂಗಿ ಒಳಗಿಂದ ಅದನ್ನೇ ನೋಡುತ್ತ, ಬಾಲವನ್ನು ನೆಲಕ್ಕೆ ಬಡಿಯುತ್ತ ಕೂತಿದ್ದಳು. ಓಣಿಯ ಕೊನೆಯ ಮನೆಯವರು ಆ ತಿಂಗಳಿಂದ ರಾತ್ರಿ ಹಾಲು ಅನ್ನ ಇಡುತ್ತಿದ್ದಾರೆಂದು ಬೆಳಿಗ್ಗೆ ತಿಳಿಯಿತು. ಪಾಪ, ಹಸಿದ ಪ್ರಾಣಿಗೆ ಅನ್ನ ಹಾಕುವುದು ತಪ್ಪಲ್ಲ, ಅದರ ದಾರಿ ನಮ್ಮ ಕಿಟಕಿಯ ಕಟ್ಟೆಯ ಮೇಲೆ ಹಾದು ಹೋಗುತ್ತಿತ್ತು ಅಷ್ಟೆ. ಮಂಡಕ್ಕಿ ಚೀಲದ ಗುಟ್ಟೂ ಬಯಲಾಯಿತು. ಹಬ್ಬಕ್ಕೆಂದು ತಂದ ಆ ಚೀಲ ಭಟ್ಟಿಯ ಪಡಸಾಲೆಯಲ್ಲಿ ಎಷ್ಟು ಬೆಕ್ಕುಗಳಿಗೆ ಮೈ ಉಜ್ಜುವ ಕಂಬವಾಗಿತ್ತೋ. ಕಿಟಕಿಯಾಚೆ ಗಂಡು, ಮನೆಯ ನಡುವೆ ಅಪರಿಚಿತ ಬೆಕ್ಕುಗಳ ವಾಸನೆ. ರಂಗಿಯ ಲೆಕ್ಕದಲ್ಲಿ ಶತ್ರು ಒಳಗೇ ಬಂದಾಗಿತ್ತು.

ಇಲ್ಲಿ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದನ್ನು ಎಲ್ಲ ಮನೆಗಳಲ್ಲೂ ಮಾಡುತ್ತೇವೆ. ಮೊದಲ ದಿನವೇ ನಾನು ಆ ಜಾಗವನ್ನು ಫಿನಾಯಿಲ್ ಹಾಕಿ ಒರೆಸಿದ್ದೆ. ಸಂಜೆ ರಂಗಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ತಟ್ಟೆಯ ಹತ್ತಿರ ಹೋಗಿ ಮೂಸಿ ವಾಪಸ್ ಬಂದಳು. ಫಿನಾಯಿಲಿನಲ್ಲಿರುವ ಫೀನಾಲ್‌ನಂಥ ವಸ್ತುಗಳು, ಬಿಳಿ ಫಿನಾಯಿಲಿನ ಪೈನ್ ಎಣ್ಣೆ ಬೆಕ್ಕಿಗೆ ವಿಷ. ಅಂಥದನ್ನು ಕರಗಿಸಿ ಹೊರಹಾಕಲು ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಅದಕ್ಕೂ ಇದೇ ಕಾರಣ. ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ, ಅಷ್ಟು ಸಾಕು. ಜೊಲ್ಲು, ಬಾಯಿಹುಣ್ಣು, ತೂರಾಟ ಕಂಡರೆ ತಕ್ಷಣ ಪಾದ ತೊಳೆದು ವೈದ್ಯರ ಬಳಿ ಓಡಬೇಕು. ವಾಸನೆ ಹೋಗಲಿ ಎಂದು ನುಸಿಗುಳಿಗೆ, ಕರ್ಪೂರ ಇಡುವುದೂ ಬೇಡ, ಅವೂ ವಿಷವೇ. ಬ್ಲೀಚಿಂಗ್ ಪುಡಿಯನ್ನು ಉಚ್ಚೆಯ ಮೇಲೆ ಸುರಿದರೆ ಅದರ ಅಮೋನಿಯಾ ಜೊತೆ ಸೇರಿ ಎದೆ ಉರಿಸುವ ಗಾಳಿ ಏಳುತ್ತದೆ, ಮನೆಮಂದಿಗೂ ಅಪಾಯ.

ಗಾಢ ವಾಸನೆಯ ದ್ರಾವಣಗಳಿಂದ ಇನ್ನೊಂದು ತೊಂದರೆ. ಬೆಕ್ಕಿನ ಮೂಗಿಗೆ ಅದು ಮತ್ತೊಂದು ಪರಕೀಯ ಗುರುತು. ಅದರ ಮೇಲೆ ತನ್ನದನ್ನು ಹಾಕಬೇಕು ಅನ್ನಿಸುತ್ತದೆ. ನಾನು ಒರೆಸಿದಷ್ಟೂ ರಂಗಿ ಹೊಸದಾಗಿ ಹಾಕುತ್ತಿದ್ದಳು.

ಸರಿಯಾದ ಕ್ರಮ ಸರಳ. ಹಸಿಯಿದ್ದರೆ ಮೊದಲು ಹಳೇ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಕಿಣ್ವ ಇರುವ ಬಟ್ಟೆ ಸೋಪಿನ ಪುಡಿಯನ್ನು ತಣ್ಣೀರಲ್ಲಿ ಕಲಸಿ ತೊಳೆಯಿರಿ. ಒಂದಷ್ಟು ಹೊತ್ತು ಹಾಗೇ ಬಿಟ್ಟು ಬರೀ ನೀರಲ್ಲಿ ಒರೆಸಿ, ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಒಮ್ಮೆ ಸವರಿ. ಸ್ಪಿರಿಟ್ ಆರುವವರೆಗೆ ಬೆಕ್ಕನ್ನು ಆ ಕಡೆ ಬಿಡಬೇಡಿ, ಒಲೆ, ದೀಪದ ಹತ್ತಿರವಂತೂ ಬೇಡ. ಬಿಸಿನೀರು ಪ್ರೋಟೀನನ್ನು ಬಟ್ಟೆಗೆ ಅಂಟಿಸಿಬಿಡುತ್ತದೆ, ಪರದೆಗೆ ವಾಸನೆ ಹೋಗುವ ಮುಂಚೆ ಇಸ್ತ್ರಿಯನ್ನೂ ಹಾಕಬೇಡಿ. ಒಣಗಿದ ಉಚ್ಚೆಯ ಅಂಶ ಸ್ವಲ್ಪ ಉಳಿದಿದ್ದರೂ ಮಳೆಗಾಲದಲ್ಲಿ ತೇವ ತಗುಲಿದಾಗ ಹಳೇ ಜಾಗ ಮತ್ತೆ ವಾಸನೆ ಹೊಡೆಯುತ್ತದೆ. ಸುಣ್ಣದ ಗೋಡೆ ಹೀರಿಕೊಂಡಿದ್ದರೆ ಮೇಲ್ಪದರ ಕೆರೆದು ಮತ್ತೆ ಬಳಿಯುವುದೇ ಸರಿ.

ಶುಚಿ ಮಾಡುವುದು ಅರ್ಧ ಕೆಲಸ, ಇನ್ನರ್ಧ ಕಾರಣವನ್ನು ತೆಗೆಯುವುದು. ಕಿಟಕಿಯ ಕೆಳಗಿನ ಗಾಜಿಗೆ ಹಳೇ ದಿನಪತ್ರಿಕೆ ಅಂಟಿಸಿದೆ, ರಂಗಿ ಕೂತರೆ ಹೊರಗಿನ ಕಟ್ಟೆ ಕಾಣಬಾರದು. ಮಂಡಕ್ಕಿಯನ್ನು ಮುಚ್ಚಳದ ಡಬ್ಬಿಗೆ ಸುರಿದು ಚೀಲವನ್ನು ಅಂಗಡಿಗೆ ವಾಪಸ್ ಕಳಿಸಿದೆವು. ಓಣಿಯ ಕೊನೆಯ ಮನೆಯವರ ಹತ್ತಿರ ಹೋಗಿ ಮಾತಾಡಿದೆ. ಅವರು ತಟ್ಟೆಯನ್ನು ತಮ್ಮ ಹಿತ್ತಿಲ ಕಡೆ ಇಟ್ಟರು. ನಾಲ್ಕು ಮನೆಯವರು ದುಡ್ಡು ಹಾಕಿ ಆ ಬೂದು ಗಂಡನ್ನು ಬುಟ್ಟಿಯಲ್ಲಿ ಹಿಡಿದು ಆಪರೇಷನ್ ಮಾಡಿಸಿದೆವು. ದೊಡ್ಡದಾದ ಮೇಲೆ ಮಾಡಿಸಿದರೂ ಹತ್ತರಲ್ಲಿ ಎಂಟು ಒಂಬತ್ತು ಗಂಡುಗಳು ಚಿಮ್ಮಿಸುವುದನ್ನು ಬಿಡುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ, ಮೂತ್ರದ ಘಾಟೂ ಇಳಿಯುತ್ತದೆ. ಒಂದು ಗಂಡಿನ ಆಪರೇಷನ್ನಿನಿಂದ ಓಣಿಯ ಎಷ್ಟೋ ಹೆಣ್ಣುಗಳಿಗೆ ನೆಮ್ಮದಿ.

ಮರಳಿನ ತಟ್ಟೆಯ ಲೆಕ್ಕ ಇದು: ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು, ಬೇರೆ ಬೇರೆ ಜಾಗದಲ್ಲಿ. ಬೆಕ್ಕಿನ ಉದ್ದದ ಒಂದೂವರೆಯಷ್ಟಾದರೂ ಇರಬೇಕು. ಗಾರೆ ಕೆಲಸದವರ ಪ್ಲಾಸ್ಟಿಕ್ ಬಾಂಡ್ಲಿಗೆ ಜರಡಿ ಹಿಡಿದ ಮರಳು ಹಾಕಿದರೆ ಸಾಕು, ದಿನಕ್ಕೊಮ್ಮೆ ತೆಗೆಯಲೇಬೇಕು. ರಂಗಿಗೆ ಇನ್ನೊಂದು ಬಾಂಡ್ಲಿ ಇಟ್ಟೆವು. ಬೀರುವಿನ ಮೇಲೆ ಒಂದು ಹಳೇ ದುಪ್ಪಟಿ ಹಾಸಿದೆವು. ಕಳವಳದಲ್ಲಿರುವ ಬೆಕ್ಕಿಗೆ ಎತ್ತರದ ಜಾಗ ದೊಡ್ಡ ಸಮಾಧಾನ.

ಬೈಯುವುದು, ಹೊಡೆಯುವುದು, ಮೂತಿಯನ್ನು ಅದಕ್ಕೆ ಉಜ್ಜುವುದು ಇವುಗಳಿಂದ ಆಗುವುದು ಕೇಡೇ. ಅದು ಹಾಕಿದ್ದೇ ಭಯಕ್ಕೆ, ಈಗ ಮನೆಯವರ ಭಯವೂ ಸೇರಿತು, ಇನ್ನೂ ಹಾಕುತ್ತದೆ.

ಇಷ್ಟಕ್ಕೂ ನಿಲ್ಲದಿದ್ದರೆ ಔಷಧಿ ಇದೆ. ಮನುಷ್ಯರ ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್ ಅನ್ನು ಬೆಕ್ಕಿಗೆ ಹೊಂದುವ ಪ್ರಮಾಣದಲ್ಲಿ ಪಶುವೈದ್ಯರು ಬರೆದುಕೊಡುತ್ತಾರೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ನಾವೇ ಮೆಡಿಕಲ್ ಅಂಗಡಿಯಿಂದ ತಂದು ಮುರಿದು ಕೊಡುವುದು ಮಾತ್ರ ಬೇಡವೇ ಬೇಡ. ಬೆಕ್ಕಿನ ಕೆನ್ನೆಯ ವಾಸನೆಯನ್ನು ಕೃತಕವಾಗಿ ತಯಾರಿಸಿದ ಫೆಲಿವೇ ಎಂಬ ದ್ರಾವಣವೂ ಸಿಗುತ್ತದೆ. ಕೆಲವು ಬೆಕ್ಕಿಗೆ ಕೆಲಸ ಮಾಡುತ್ತದೆ, ಕೆಲವಕ್ಕೆ ಇಲ್ಲ, ಬೆಲೆಯೂ ಹೆಚ್ಚು. ಅದೇ ತತ್ತ್ವವನ್ನು ದುಡ್ಡಿಲ್ಲದೆ ಮಾಡಬಹುದು. ತೆಳು ಹತ್ತಿ ಬಟ್ಟೆಯಿಂದ ಬೆಕ್ಕಿನ ಕೆನ್ನೆಯನ್ನು ಮೆಲ್ಲಗೆ ಸವರಿ, ಆ ಬಟ್ಟೆಯನ್ನು ತೊಳೆದು ಒಣಗಿದ ಜಾಗಕ್ಕೆ, ಬೆಕ್ಕಿನ ಮೂಗಿನ ಎತ್ತರಕ್ಕೆ ಉಜ್ಜುವುದು. ಕೆನ್ನೆಯ ಗುರುತು ಇದ್ದಲ್ಲಿ ಚಿಮ್ಮಿಸುವುದು ಕಡಿಮೆ ಎಂದೆನಲ್ಲ, ಅದಕ್ಕೆ.

ನಾನು ಅತ್ತೆಯ ಹಳೇ ಸೀರೆಯ ತುಂಡಿನಿಂದ ಹತ್ತು ಹನ್ನೆರಡು ದಿನ ಹಾಗೆ ಮಾಡಿದೆ. ನಾಲ್ಕನೇ ವಾರದ ಹೊತ್ತಿಗೆ ದೀಪ ಹಿಡಿದರೆ ಹೊಸ ಕಲೆ ಒಂದೂ ಕಾಣಲಿಲ್ಲ. ದೀಪಾವಳಿಯ ಪಟಾಕಿ ಸದ್ದಿಗೆ ಹಿತ್ತಿಲ ಬಾಗಿಲಿಗೆ ಒಂದು ಸಲ ಹಾಕಿದಳು, ತಣ್ಣೀರು, ಸೋಪಿನ ಪುಡಿ, ಸೀರೆಯ ತುಂಡು, ಮತ್ತೆ ಅದೇ ಕ್ರಮ. ಗಾಜಿಗೆ ಅಂಟಿಸಿದ ಪತ್ರಿಕೆ ಈಗ ಹಳದಿಯಾಗಿದೆ. ಅದರ ಕೆಳಗೆ ಕಿಟಕಿಯ ಮರದ ಅಂಚಿನಲ್ಲಿ ಎಣ್ಣೆ ಸವರಿದಂಥ ಕಂದು ಜಿಡ್ಡಿನ ಗೆರೆಯೊಂದು ಮೂಡಿದೆ, ರಂಗಿಯ ಕೆನ್ನೆ ತಾಗುವಷ್ಟು ಎತ್ತರಕ್ಕೆ. ಅದನ್ನು ಒರೆಸಲು ಹೋದರೆ ಅತ್ತೆ, "ಇರಲಿ ಬಿಡು, ಅದನ್ನ ಮುಟ್ಟಬ್ಯಾಡ" ಅನ್ನುತ್ತಾರೆ.